ಪಾಲ್ಮಿಟೊ ರಾಂಚ್ ಕದನ

ಅಮೆರಿಕದ ಅಂತರ್ಯುದ್ಧದ ಕೊನೆಯ ಭೂಕದನವೆಂದು ಸಾಮಾನ್ಯವಾಗಿ ಎಣಿಸಲಾಗುವ ಕಾಳಗ. 1865ರ ಮೇ 12 ಮತ್ತು 13ರಂದು ಟೆಕ್ಸಾಸ್‌ನ ದಕ್ಷಿಣ ತುದಿಯಲ್ಲಿ, ಬ್ರೌನ್ಸ್‌ವಿಲ್ ಪಟ್ಟಣಕ್ಕೆ ಸುಮಾರು 19 ಕಿ.ಮೀ. ಪೂರ್ವದಲ್ಲಿ, ರಿಯೊ ಗ್ರಾಂಡೆ ನದಿಯ ದಂಡೆಯ ಮೇಲೆ ನಡೆಯಿತು. ಕದನ ಗೆದ್ದವರು ದಕ್ಷಿಣದ ಕಾನ್ಫೆಡರೇಟರು. ಅಷ್ಟರಲ್ಲಿ ಅವರು ಯುದ್ಧವನ್ನೇ ಸೋತಾಗಿತ್ತು.

ದಕ್ಷಿಣದ ಜನರಲ್ ರಾಬರ್ಟ್ ಲೀ ವರ್ಜೀನಿಯಾದ ಅಪೊಮ್ಯಾಟಕ್ಸ್‌ನಲ್ಲಿ ಶರಣಾದದ್ದು ಏಪ್ರಿಲ್ 9ರಂದು. ಅದಾದ ಐದನೆಯ ರಾತ್ರಿ ಅಧ್ಯಕ್ಷ ಲಿಂಕನ್‌ನಿಗೆ ಗುಂಡೇಟು ಬಿತ್ತು. ಏಪ್ರಿಲ್ 26ಕ್ಕೆ ಜನರಲ್ ಜೋಸೆಫ್ ಜಾನ್‌ಸ್ಟನ್ ಆಯುಧ ಕೆಳಗಿಟ್ಟ. ಮೇ 10ರಂದು ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ ಜಾರ್ಜಿಯಾದಲ್ಲಿ ಸೆರೆಸಿಕ್ಕ. ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಮಾತ್ರ ಎಡ್ಮಂಡ್ ಕರ್ಬಿ ಸ್ಮಿತ್‌ನ ಸೈನ್ಯ, ಹೆಸರಿಗಾದರೂ, ಉಳಿದಿತ್ತು.

ದೂರದ ಮೂಲೆಗೆ ಸುದ್ದಿ ಮುಟ್ಟದೆ ಆದ ಅನಾಹುತ ಇದು ಎಂದುಕೊಳ್ಳುವವರಿದ್ದಾರೆ. 1815ರ ಜನವರಿಯ ನ್ಯೂ ಆರ್ಲಿಯನ್ಸ್ ಕದನಕ್ಕೆ ಆ ಮಾತು ಸಲ್ಲುತ್ತದೆ. ಬ್ರಿಟನ್ ಮತ್ತು ಅಮೆರಿಕ ಗೆಂಟ್‌ನಲ್ಲಿ ಸಂಧಿಪತ್ರಕ್ಕೆ ಸಹಿ ಹಾಕಿದ ಸುದ್ದಿ ಆಗಿನ್ನೂ ಕಡಲ ಮೇಲಿತ್ತು. ಪಾಲ್ಮಿಟೊದಲ್ಲಿ ಅಂಥ ನೆವವಿಲ್ಲ. ಮೇ 1ರಂದು ನದಿಯಲ್ಲಿ ಹೋಗುತ್ತಿದ್ದ ಉಗಿದೋಣಿಯ ಪ್ರಯಾಣಿಕನೊಬ್ಬ ದಂಡೆಯ ಮೇಲಿದ್ದ ಕಾನ್ಫೆಡರೇಟ್ ಸೈನಿಕರತ್ತ ನ್ಯೂ ಆರ್ಲಿಯನ್ಸ್‌ನ ಪತ್ರಿಕೆಯೊಂದನ್ನು ಎಸೆದಿದ್ದ. ಲೀ ಶರಣಾದದ್ದು, ಲಿಂಕನ್ ಸತ್ತದ್ದು ಎರಡೂ ಅದರಲ್ಲಿದ್ದವು. ಕೆಲವೇ ದಿನಗಳಲ್ಲಿ ನೂರಾರು ಸೈನಿಕರು ಯಾರಿಗೂ ಹೇಳದೆ ಮನೆಯ ದಾರಿ ಹಿಡಿದರು.

ಈ ಬಂಜರು ಬಯಲಿಗೆ ಬೆಲೆ ತಂದದ್ದು ಹತ್ತಿ. ದಕ್ಷಿಣದ ಬಂದರುಗಳನ್ನೆಲ್ಲ ಉತ್ತರದ ನೌಕಾಪಡೆ ಮುಚ್ಚಿತ್ತಾದರೂ ಮೆಕ್ಸಿಕೊದ ಗಡಿಯೂ ಆಗಿದ್ದ ರಿಯೊ ಗ್ರಾಂಡೆಯ ಬಾಯನ್ನು ಕಟ್ಟುವ ಹಕ್ಕು ಅದಕ್ಕಿರಲಿಲ್ಲ. ಹತ್ತಿಯ ಗಾಡಿಗಳು ಬ್ರೌನ್ಸ್‌ವಿಲ್‌ಗೆ ಬರುತ್ತಿದ್ದವು, ಮೂಟೆಗಳು ಹೊಳೆ ದಾಟಿ ಮೆಕ್ಸಿಕೊದ ಮಟಾಮೊರೊಸ್ ಸೇರುತ್ತಿದ್ದವು, ಅಲ್ಲಿಂದ ಯೂರೋಪಿಗೆ ಹೋಗುತ್ತಿದ್ದವು. ತಿರುಗಿ ಬರುತ್ತಿದ್ದುದು ಬಂದೂಕು, ಮದ್ದುಗುಂಡು, ಔಷಧಿ. 1863ರ ಕೊನೆಯಲ್ಲಿ ಬ್ರೌನ್ಸ್‌ವಿಲ್ ಹಿಡಿದ ಉತ್ತರದ ಪಡೆ ಮರುವರ್ಷ ಅದನ್ನು ಬಿಟ್ಟು, ಕಡಲಂಚಿನ ಬ್ರಾಜೋಸ್ ಸ್ಯಾಂಟಿಯಾಗೊ ದ್ವೀಪದಲ್ಲಿ ಮಾತ್ರ ಬೀಡು ಉಳಿಸಿಕೊಂಡಿತ್ತು. 1865ರ ಮಾರ್ಚ್‌ನಲ್ಲಿ ಉತ್ತರದ ಜನರಲ್ ಲ್ಯೂ ವಾಲೆಸ್ (ಮುಂದೆ 'ಬೆನ್-ಹರ್' ಕಾದಂಬರಿ ಬರೆದವನು ಇವನೇ) ಎದುರಾಳಿಗಳಾದ ಜನರಲ್ ಜೇಮ್ಸ್ ಸ್ಲಾಟರ್ ಮತ್ತು ಕರ್ನಲ್ ಜಾನ್ ಫೋರ್ಡ್‌ರೊಡನೆ ಕುಳಿತು ಮಾತಾಡಿದ. ದಕ್ಷಿಣದ ಮೇಲಧಿಕಾರಿ ಆ ಪ್ರಸ್ತಾಪಗಳನ್ನು ತಳ್ಳಿಹಾಕಿದರೂ, ಇನ್ನು ಇಲ್ಲಿ ರಕ್ತ ಹರಿಸುವುದರಲ್ಲಿ ಅರ್ಥವಿಲ್ಲವೆಂಬ ತಿಳುವಳಿಕೆ ಎರಡೂ ಕಡೆ ನಿಂತಿತು.

ಆ ತಿಳುವಳಿಕೆಯನ್ನು ಮುರಿದವನು ದ್ವೀಪದ ಬೀಡಿನ ಅಧಿಕಾರ ವಹಿಸಿದ್ದ ಕರ್ನಲ್ ಥಿಯೊಡೋರ್ ಬ್ಯಾರೆಟ್. ಮೇ 11ರ ರಾತ್ರಿ ಬಿರುಗಾಳಿಯ ನಡುವೆ ಅವನ ಅಪ್ಪಣೆಯಂತೆ ಲೆಫ್ಟಿನೆಂಟ್ ಕರ್ನಲ್ ಡೇವಿಡ್ ಬ್ರಾನ್ಸನ್ ಸುಮಾರು 300 ಜನರೊಡನೆ ಮುಖ್ಯಭೂಮಿಗೆ ದಾಟಿದ. ಅವರಲ್ಲಿ 250 ಮಂದಿ 62ನೆಯ ಕಪ್ಪು ಪದಾತಿದಳದವರು. ಉಳಿದ 50 ಮಂದಿ ಕುದುರೆಯೇ ಇಲ್ಲದ ಅಶ್ವದಳದವರು. ನಸುಕಿನಲ್ಲಿ ವೈಟ್ಸ್ ರಾಂಚ್ ಸುತ್ತುವರಿದರೆ ಅಲ್ಲಿ ಶತ್ರುಗಳೇ ಇಲ್ಲ. ಬಳಿಕ ನದಿಯಂಚಿನ ಪೊದೆಗಳಲ್ಲಿ ಅಡಗಿದ್ದ ಬ್ರಾನ್ಸನ್‌ನ ಜನರನ್ನು ಬೆಳಗಾದ ಮೇಲೆ ಆಚೆ ದಂಡೆಯಿಂದ ನೋಡಿದವರು ಸುದ್ದಿ ಮುಟ್ಟಿಸಿದರು. ಗುಟ್ಟು ರಟ್ಟಾಯಿತು. ಬ್ರಾನ್ಸನ್ ಪಾಲ್ಮಿಟೊ ರಾಂಚ್‌ವರೆಗೆ ಹೋಗಿ, ಕಾವಲಿದ್ದವರನ್ನು ಓಡಿಸಿ, ಮಧ್ಯಾಹ್ನ ಅವರು ಮರಳಿ ಬಂದಾಗ ಹಿಂದೆ ಸರಿದ.

ಕತೆ ಅಲ್ಲಿಗೇ ಮುಗಿಯಬಹುದಿತ್ತು. ಮರುದಿನ ಬೆಳಗಿನ ಜಾವ ಬ್ಯಾರೆಟ್ ತಾನೇ 34ನೆಯ ಇಂಡಿಯಾನಾ ದಳದ 200 ಜನರೊಂದಿಗೆ ಬಂದು ಮತ್ತೆ ಮುಂದೆ ನುಗ್ಗಿದ. ಅಪರಾಹ್ನ ನಾಲ್ಕರ ಹೊತ್ತಿಗೆ ಬ್ರೌನ್ಸ್‌ವಿಲ್‌ನಿಂದ ಫೋರ್ಡ್ 300ರಷ್ಟು ಕುದುರೆ ಸವಾರರನ್ನೂ ಫಿರಂಗಿಗಳನ್ನೂ ತಂದ. ಬ್ಯಾರೆಟ್‌ನ ಬಳಿ ಒಂದೂ ಫಿರಂಗಿ ಇರಲಿಲ್ಲ. ಮರವಿಲ್ಲದ ಬಯಲಿನಲ್ಲಿ ಗುಂಡು ಬೀಳತೊಡಗಿದ್ದೇ ಹಿಮ್ಮೆಟ್ಟುವಿಕೆ ಓಟವಾಯಿತು. ಮರೆಗಾಗಿ ಹಿಂದೆ ಬಿಟ್ಟಿದ್ದ ಇಂಡಿಯಾನಾದ ನಲವತ್ತಕ್ಕೂ ಹೆಚ್ಚು ಮಂದಿ ಸೆರೆಯಾದರು. ಸಾಲು ಕೆಡದೆ ಹಿಂಬದಿ ಕಾಯುತ್ತ ಬಂದವರು 62ನೆಯ ದಳದ ಕಪ್ಪು ಸೈನಿಕರು. ಸಂಜೆಯ ಹೊತ್ತಿಗೆ ಫೋರ್ಡ್ ಬೆನ್ನಟ್ಟುವುದನ್ನು ನಿಲ್ಲಿಸಿದ.

ಉತ್ತರದ ಕಡೆ ನೂರಕ್ಕೂ ಹೆಚ್ಚು ಜನ ಸೆರೆಸಿಕ್ಕರು, ಬೆರಳೆಣಿಕೆಯಷ್ಟು ಜನ ಸತ್ತರು. ದಕ್ಷಿಣದ ಕಡೆ ಐದಾರು ಮಂದಿಗೆ ಗಾಯ. 34ನೆಯ ಇಂಡಿಯಾನಾದ ಜಾನ್ ಜೆ. ವಿಲಿಯಮ್ಸ್ ಅಂತರ್ಯುದ್ಧದ ಕದನಗಳಲ್ಲಿ ಮಡಿದ ಕೊನೆಯ ಸೈನಿಕನೆಂದು ಹೆಸರಾದ.

ಬ್ಯಾರೆಟ್ ಹೀಗೇಕೆ ಮಾಡಿದ ಎಂಬ ಚರ್ಚೆ ಇನ್ನೂ ತೀರಿಲ್ಲ. ಯುದ್ಧ ಮುಗಿಯುವ ಮುನ್ನ ಒಂದಾದರೂ ಕಾಳಗ ನೋಡಿ ಹೆಸರು ಮಾಡಬೇಕೆಂಬ ಹಂಬಲ ಎಂದು ಟೀಕಾಕಾರರು. ಪಡೆಗೆ ಕುದುರೆಗಳು ಬೇಕಿದ್ದವು ಎಂದು ಕೆಲವರು. ಕುದುರೆಯ ವಾದ ಮೊದಲ ದಿನಕ್ಕೆ ಹೇಗೋ ಹೊಂದೀತು, ಎರಡನೆಯ ದಿನಕ್ಕೆ ಹೊಂದುವುದಿಲ್ಲ. ಅವನ ಅಧಿಕೃತ ವರದಿ ಹೊರಟದ್ದೂ ಆಗಸ್ಟ್‌ನಲ್ಲಿ. ಸೋಲಿನ ಹೊಣೆಯನ್ನು ಅವನು ಇಂಡಿಯಾನಾ ದಳದ ಲೆಫ್ಟಿನೆಂಟ್ ಕರ್ನಲ್ ರಾಬರ್ಟ್ ಮಾರಿಸನ್ ಮೇಲೆ ಹೊರಿಸಿ ಸೈನಿಕ ನ್ಯಾಯಾಲಯಕ್ಕೆಳೆದ. ಆ ವಿಚಾರಣೆಯಲ್ಲಿ ಸಾಕ್ಷಿ ನುಡಿಯಲು ಬಂದವರಲ್ಲಿ, ಅವರನ್ನು ಸೋಲಿಸಿದ ಫೋರ್ಡ್ ಕೂಡ ಒಬ್ಬ! ಮಾರಿಸನ್ ನಿರ್ದೋಷಿಯೆಂದು ತೀರ್ಪಾಯಿತು.

ಗೆಲುವಿನಿಂದ ದಕ್ಷಿಣಕ್ಕೆ ದಕ್ಕಿದ್ದು ಏನೂ ಇಲ್ಲ. ಮೇ ತಿಂಗಳು ಮುಗಿಯುವುದರೊಳಗೆ ಉತ್ತರದ ಪಡೆ ಗುಂಡು ಹಾರಿಸದೆ ಬ್ರೌನ್ಸ್‌ವಿಲ್ ಹೊಕ್ಕಿತು. ಜೂನ್ 2ರಂದು ಕರ್ಬಿ ಸ್ಮಿತ್ ಗ್ಯಾಲ್ವೆಸ್ಟನ್‌ನಲ್ಲಿ ಶರಣಾಗತಿಗೆ ಸಹಿ ಹಾಕಿದ. ಅದೇ ಊರಿನಲ್ಲಿ ಜೂನ್ 19ರಂದು ಟೆಕ್ಸಾಸ್‌ನ ಗುಲಾಮರು ಸ್ವತಂತ್ರರೆಂಬ ಆಜ್ಞೆ ಹೊರಬಿತ್ತು. ಅಂತರ್ಯುದ್ಧ ಟೆಕ್ಸಾಸ್‌ನಲ್ಲೂ ಮುಗಿದಿದೆ ಎಂದು ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಸಾರಿದ್ದು 1866ರ ಆಗಸ್ಟ್ 20ರಂದು. ರಣಭೂಮಿ 1997ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿತವಾಯಿತು. ಬೋಕಾ ಚಿಕಾದ ರಾಕೆಟ್ ಉಡಾವಣಾ ನೆಲೆಗೆ ಹೋಗುವ ಹೆದ್ದಾರಿ ಅದರ ಪಕ್ಕದಲ್ಲೇ ಸಾಗುತ್ತದೆ.

62ನೆಯ ದಳದವರಲ್ಲಿ ಹೆಚ್ಚಿನವರು ಮಿಸೌರಿಯಲ್ಲಿ ಗುಲಾಮರಾಗಿದ್ದವರು. ಅನೇಕರು ಓದುಬರಹ ಕಲಿತದ್ದು ಸೈನ್ಯದ ಬೀಡಿನಲ್ಲೇ. ಬಿಡುಗಡೆಯಾಗಿ ಊರಿಗೆ ಮರಳುವಾಗ ಅವರು, 65ನೆಯ ದಳದವರ ಜೊತೆಗೂಡಿ, ತಮ್ಮ ಸಂಬಳದಿಂದ ಸಾವಿರಾರು ಡಾಲರ್ ವಂತಿಗೆ ಎತ್ತಿದರು. ಆ ಹಣದಿಂದ 1866ರಲ್ಲಿ ಜೆಫರ್ಸನ್ ಸಿಟಿಯಲ್ಲಿ ಕಪ್ಪು ಜನರಿಗಾಗಿ ಶುರುವಾದ ಲಿಂಕನ್ ಇನ್‌ಸ್ಟಿಟ್ಯೂಟ್ ಈಗ ಮಿಸೌರಿಯ ಲಿಂಕನ್ ವಿಶ್ವವಿದ್ಯಾಲಯವಾಗಿದೆ.