ಭಂಗಿಯ ಬರ್ಫಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ ಬಂದಿತು. ಹುಕ್ಕೇರಿ ತಾಲೂಕಿನ ಹುಡುಗ. ಈಗ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಹೆಂಡತಿ ಮತ್ತು ಐದು ವರ್ಷದ ಮಗಳೊಡನೆ ನೆಲೆಸಿದ್ದಾನೆ. ಆ ದೇಶದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಸೇವನೆ ಕಾನೂನಿಗೆ ಸಮ್ಮತ. ಒಂಟಾರಿಯೋದಲ್ಲಿ ಮನೆಯೊಂದಕ್ಕೆ ನಾಲ್ಕು ಗಿಡ ಬೆಳೆದುಕೊಳ್ಳಲು ಅಪ್ಪಣೆಯೂ ಉಂಟು. ಇವನು ಹಿತ್ತಿಲಲ್ಲಿ ನಾಲ್ಕು ಗಿಡ ಬೆಳೆದು, ಒಣಗಿಸಿ, ತುಪ್ಪದಲ್ಲಿ ಕಾಸಿ, ಆ ತುಪ್ಪದಿಂದ ಬರ್ಫಿ ಮಾಡಿದ್ದಾನೆ. "ಸರ, ಇದು ನಾ ಇಲ್ಲಿ ಬಂದು ಕಲ್ತ ಚಟಾನೋ, ಇಲ್ಲಾ ನಮ್ಮ ಹಿರೇರೂ ಹಿಂಗ ಮಾಡ್ತಿದ್ರೋ? ನೀವ ಹೇಳಬೇಕ್ರಿ" ಎಂದು ಕೇಳಿದ್ದಾನೆ.

ಕನ್ನಡ ಪಾಠ ಹೇಳುವವನಿಗೆ ಅಡುಗೆಮನೆಯ ಪ್ರಶ್ನೆ ಹಾಕಿದನಲ್ಲ ಎಂದು ಮೊದಲು ನಗು ಬಂದಿತು. ಆಮೇಲೆ ನಗು ನಿಂತಿತು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಭಂಗಿ ಎಂದರೆ ನಿಲುವು, ಠೀವಿ ಎಂದಷ್ಟೇ ಬಲ್ಲ ಇಂದಿನ ಹುಡುಗರಿಗೆ ಅದು ಗಿಡವೊಂದರ ಹೆಸರೂ ಹೌದೆಂದರೆ ಆಶ್ಚರ್ಯವಾಗುತ್ತದೆ. ಕಿಟ್ಟೆಲರ 1894ರ ನಿಘಂಟು ಈ ಅರ್ಥವನ್ನು ಬಿಟ್ಟಿಲ್ಲ. ಶಬ್ದದ ಬೇರು ಇನ್ನೂ ಹಿಂದಿನದು. ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ ಸೋಮವನ್ನು ಮುಂದಿಟ್ಟುಕೊಂಡು ಎಣಿಸಿದ ಐದು ಸಸ್ಯಗಳಲ್ಲಿ ಭಂಗವೂ ಒಂದು. ಪಾಣಿನಿಯಂತೂ ಎಳ್ಳು, ಉದ್ದು, ಅಗಸೆಗಳ ಹೊಲಗಳೊಡನೆ ಭಂಗಿಯ ಹೊಲಕ್ಕೂ ಹೆಸರು ಕಟ್ಟುವ ಪ್ರತ್ಯಯವನ್ನು ಹೇಳಿದ್ದಾನೆ. ಆ ಹೊಲವನ್ನು ನಾರಿಗಾಗಿಯೇ ಬಿತ್ತಿರಬಹುದು, ಹೊಲವಂತೂ ಇದ್ದಿತು.

ನಾರಿನ ಮಾತು ಬಂದಾಗ ನಮ್ಮ ಪುಂಡಿಯನ್ನು ಮರೆಯಲಾದೀತೇ? ಅದಕ್ಕೆ ಸಸ್ಯಶಾಸ್ತ್ರದಲ್ಲಿ ಹಿಬಿಸ್ಕಸ್ ಕ್ಯಾನಬಿನಸ್ ಎಂದು ಹೆಸರು. ಭಂಗಿಯಂತಹದು ಎಂಬುದೇ ಅದರ ಅರ್ಥ. ಸೀಳುಸೀಳಾದ ಎಲೆಯೂ ನಾರು ಕೊಡುವ ದಂಟೂ ಆ ಹೋಲಿಕೆಗೆ ಸಾಕು. ಆದರೆ ರೊಟ್ಟಿಯ ಮೇಲಿನ ಪುಂಡಿಪಲ್ಲೆಯಲ್ಲಿ ಹುಳಿಯುಂಟೇ ಹೊರತು ಅಮಲಿಲ್ಲ.

ಇನ್ನು ಮಿಠಾಯಿಯ ವಿಷಯ. ನಮ್ಮ ಬೆಳಗಾವಿ ಸೀಮೆಗೆ ಘಟ್ಟದಾಚೆಯ ನೆರೆಯಾದ ಗೋವೆಯಲ್ಲಿ ಗಾರ್ಸಿಯಾ ದ ಒರ್ತಾ ಎಂಬ ಪೋರ್ತುಗೀಜ ವೈದ್ಯನಿದ್ದ. ಈ ನಾಡಿನ ಔಷಧಿಗಳನ್ನು ಕುರಿತು ಅವನು ಬರೆದ ಗ್ರಂಥ 1563ರಲ್ಲಿ ಅಲ್ಲಿಯೇ ಅಚ್ಚಾಯಿತು. ಭಂಗಿಯ ಎಲೆಗೆ ಹಸಿ ಅಡಿಕೆ, ಜಾಯಿಕಾಯಿ, ಜಾಪತ್ರೆ, ಲವಂಗ, ಕರ್ಪೂರಗಳನ್ನು ಕೂಡಿಸುತ್ತಿದ್ದುದನ್ನೂ, ಸಕ್ಕರೆ ಮತ್ತು ಮಸಾಲೆ ಬೆರೆಸಿದ ಲೇಹ್ಯಕ್ಕೆ ಮಾಜು ಎಂಬ ಹೆಸರಿದ್ದುದನ್ನೂ ಅವನು ಬರೆದಿಟ್ಟಿದ್ದಾನೆ. ಇದೇ ನಾವು ಕೇಳಿ ಬಲ್ಲ ಮಾಜೂಮು. ಗುಜರಾತದ ಸುಲ್ತಾನ ಬಹಾದುರ ಷಹ ರಾತ್ರಿ ಇದನ್ನು ತುಸು ತಿಂದು, ಕುಳಿತಲ್ಲಿಂದಲೇ ಪೋರ್ತುಗಾಲ, ತುರ್ಕಸ್ತಾನ, ಅರಬಸ್ತಾನಗಳನ್ನು ಸುತ್ತಿ ಬರುವೆನೆಂದು ಹೇಳುತ್ತಿದ್ದನಂತೆ!

ಮಾಡುವ ವಿಧಾನವನ್ನು ಬಿಡಿಸಿ ಬರೆದವನು ಕಲಕತ್ತೆಯ ವೈದ್ಯಕೀಯ ಕಾಲೇಜಿನ ಅಧ್ಯಾಪಕ ಓಷಾನೆಸ್ಸಿ, ವರ್ಷ 1839. ಎಲೆಗೆ ಸಮತೂಕ ತುಪ್ಪ ಹಾಕಿ, ನೀರು ಬೆರೆಸಿ, ಇದ್ದಿಲ ಕೆಂಡದ ಮೇಲೆ ಕೈಯಾಡಿಸುತ್ತ ಇರಬೇಕು. ನೀರು ಇಂಗಿತೆಂಬುದಕ್ಕೆ ಪಾತ್ರೆಯ ಅಂಚಿನಲ್ಲಿ ತುಪ್ಪ ಚಟಚಟ ಎನ್ನುವುದೇ ಗುರುತು. ಬೆಣ್ಣೆ ಕಾಸುವ ಯಾವ ಹೆಣ್ಣುಮಗಳಿಗೂ ಈ ಸದ್ದಿನ ಪರಿಚಯವುಂಟು. ಬಿಸಿಯಿರುವಾಗಲೇ ಅರಿವೆಯಲ್ಲಿ ಹಿಂಡಿ, ಎಲೆಯ ಗಸಿ ಚೆಲ್ಲಿ, ಹೆಪ್ಪುಗಟ್ಟಿದ ಹಸಿರು ತುಪ್ಪವನ್ನು ನೀರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತಿದ್ದರು. ತೊಳೆದ ನೀರು ಗಂಟಲು ಬಿಗಿಸುತ್ತದೆಂದು ಅದನ್ನೂ ಚೆಲ್ಲುತ್ತಿದ್ದರು. ಬಳಿಕ ಹಾಲು ಹಾಕಿ ತಿಳಿಗೊಳಿಸಿದ ಸಕ್ಕರೆಯ ಪಾಕಕ್ಕೆ ಆ ತುಪ್ಪವನ್ನು ಸೇರಿಸಿ, ತಟ್ಟೆಗೆ ಹೊಯ್ದು, ನಮ್ಮ ಶಂಕರಪಾಳಿಯ ಆಕಾರಕ್ಕೆ ಕತ್ತರಿಸುವುದು. ಒಂಟಾರಿಯೋದ ಬರ್ಫಿಗೂ ಇದಕ್ಕೂ ಒಲೆಯ ಹೊರತು ಹೆಚ್ಚಿನ ಭೇದ ಕಾಣಲಿಲ್ಲ. ಅಮಲಿನ ಅಂಶ ನೀರಿಗೆ ಇಳಿಯದು, ಜಿಡ್ಡಿಗೆ ಇಳಿಯುತ್ತದೆ. ರಸಾಯನಶಾಸ್ತ್ರ ಇದಕ್ಕೆ ಕಾರಣ ಹೇಳುವ ಮೊದಲೇ ಒಲೆಯ ಮುಂದಿನವರು ಇದನ್ನು ಕಂಡುಕೊಂಡಿದ್ದರು.

ಇನ್ನೊಂದು ಸಂಗತಿ ನಮ್ಮ ವೈದ್ಯರಿಗೆ ತಿಳಿದಿತ್ತು. ಶಾರ್ಙ್ಗಧರನು ಮೊದಲು ಮೈಯೆಲ್ಲ ವ್ಯಾಪಿಸಿ ಆಮೇಲೆ ಜೀರ್ಣವಾಗುವ ದ್ರವ್ಯಗಳಿಗೆ ವ್ಯವಾಯಿ ಎಂದು ಹೆಸರಿಟ್ಟು, ಅಫೀಮಿನ ಜೊತೆಗೆ ಭಂಗಿಯನ್ನೇ ಉದಾಹರಣೆ ಕೊಟ್ಟಿದ್ದಾನೆ. ಇಂದಿನ ವೈದ್ಯರು ಹೇಳುವುದಿಷ್ಟು: ಸೇದಿದ್ದು ನಿಮಿಷಗಳಲ್ಲಿ ತಲೆಗೇರುತ್ತದೆ, ತಿಂದದ್ದು ಅರ್ಧ ತಾಸಿನಿಂದ ಎರಡು ತಾಸಿನವರೆಗೆ ಸುಮ್ಮನಿರುತ್ತದೆ. ಯಕೃತ್ತಿನಲ್ಲಿ ಮಾರ್ಪಟ್ಟು ಇನ್ನಷ್ಟು ತೀಕ್ಷ್ಣವಾಗಿ ಹೊರಟು ಬಹಳ ಹೊತ್ತು ನಿಲ್ಲುತ್ತದೆ. ಸುಮ್ಮನಿರುವ ಆ ಎರಡು ತಾಸುಗಳಲ್ಲಿಯೇ ಎಲ್ಲ ಅಪಾಯವೂ ಅಡಗಿದೆ.

ನನ್ನ ನಗು ನಿಂತದ್ದು ಇಲ್ಲಿ. ಆಗ ನನಗೆ ಹನ್ನೆರಡು ವರ್ಷ. ಘಟಪ್ರಭೆಯ ದಂಡೆಯ ದಡ್ಡಿಯಲ್ಲಿ ನಮ್ಮ ಮನೆ. ಹೋಳಿ ಹುಣ್ಣಿವೆಗೆಂದು ದೂರದ ನೆಂಟರೊಬ್ಬರು ಬಂದಿದ್ದರು. ಅವರ ಕೈಚೀಲದ ಡಬ್ಬಿಯಿಂದ ದೊಡ್ಡವರು ಒಂದೊಂದು ತುಣುಕು ತೆಗೆದುಕೊಂಡು ನಗುತ್ತಿದ್ದುದನ್ನು ಕಂಡೆ. ಗೋಕಾಕದ ಕರದಂಟಿಗೂ ಮಿಗಿಲಾದ ತಿನಿಸು ಇರಬೇಕೆಂದುಕೊಂಡೆ. ಮಧ್ಯಾಹ್ನ ಎಲ್ಲರೂ ಬಣ್ಣದ ಗದ್ದಲದಲ್ಲಿದ್ದಾಗ ಮೂರು ತುಣುಕು ಕದ್ದೆ. ಒಂದನ್ನು ನಾನು ತಿಂದು, ಇನ್ನೊಂದನ್ನು ಎಂಟು ವರ್ಷದ ನನ್ನ ಕಾಕಾನ ಮಗನಿಗೆ ಕೊಟ್ಟೆ. ಅರ್ಧ ತಾಸು ಕಾದೆವು, ಏನೂ ಆಗಲಿಲ್ಲ. "ಬರೇ ಸಕ್ಕರಿ ಐತಿ, ತಿನ್ನ" ಎಂದು ಉಳಿದ ತುಣುಕನ್ನೂ ಅವನ ಕೈಗೆ ಹಾಕಿದೆ.

ಸಂಜೆಯಾಗುತ್ತಲೇ ನನ್ನ ಕಾಲ ಕೆಳಗಿನ ನೆಲ ದೂರ ಸರಿಯಿತು. ಅವನು ಹೆತ್ತ ತಾಯಿಯನ್ನೇ ಗುರುತಿಸದಾದ, ಕರೆದರೆ ಓಗೊಡದಾದ. ಜೀಪು ಮಾಡಿ ಇಬ್ಬರನ್ನೂ ವೈದ್ಯರಲ್ಲಿಗೆ ಒಯ್ದರು. "ಹುಡುಗ ಏನು ತಿಂದಾನ?" ಎಂದು ವೈದ್ಯರು ಕೇಳಿದಾಗ ಕಾಕೂ ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಬೆಳಗಿನ ಜಾವ ನಮ್ಮ ಆಯಿ ಬಳಿ ಬಂದು ತಲೆ ನೇವರಿಸಿದಾಗ ಅತ್ತು ಹೇಳಿದೆ. ಆಕೆ ಬೈಯಲಿಲ್ಲ. "ಅದು ಹೊಟ್ಟ್ಯಾಗ ಹೋಗಿ ಕುಂತು, ಆಮ್ಯಾಲೆ ಮಾತಾಡತೈತಿ, ತಮ್ಮಾ. ಅದು ಮಾತಾಡೂತನಕ ಕಾಯಬೇಕು" ಎಂದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಹುಡುಗ ಚೇತರಿಸಿಕೊಂಡು ಅನ್ನ ಕೇಳಿದ. ಕಾಕೂ ಇಂದಿಗೂ ಆ ಮಾತು ಎತ್ತಿಲ್ಲ. ಆಕೆ ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಸರಕಾರಗಳೂ ಈ ಗಿಡವನ್ನು ಅಳೆಯಲು ಬಹಳ ಶ್ರಮಪಟ್ಟಿವೆ. ಬ್ರಿಟಿಷರು 1893ರಲ್ಲಿ ನೇಮಿಸಿದ ಆಯೋಗವು ಸಾವಿರಕ್ಕೂ ಮಿಕ್ಕ ಸಾಕ್ಷಿಗಳನ್ನು ವಿಚಾರಿಸಿ, ಮಿತವಾದ ಸೇವನೆಯಿಂದ ಹೆಚ್ಚಿನ ಕೇಡಿಲ್ಲ, ಪೂರ್ಣ ನಿಷೇಧ ಬೇಡ ಎಂದಿತು. 1961ರ ಅಂತರರಾಷ್ಟ್ರೀಯ ಒಪ್ಪಂದದ ತರುವಾಯ ನಮ್ಮಲ್ಲಿ 1985ರ ಮಾದಕ ದ್ರವ್ಯಗಳ ಕಾಯಿದೆ ಬಂದಿತು. ಅದರ ಪ್ರಕಾರ ಹೂವಿನ, ಕಾಯಿಯ ತುದಿಗಳೇ ಗಾಂಜಾ. ತುದಿಯಿಂದ ಬೇರೆಯಾದ ಎಲೆ, ಬೀಜ ಆ ಅರ್ಥಕ್ಕೆ ಸೇರವು. ಕರ್ನಾಟಕ ಉಚ್ಚ ನ್ಯಾಯಾಲಯವು 2022ರ ಆಗಸ್ಟಿನಲ್ಲಿ 29 ಕಿಲೋ ಭಂಗಿ ಸಿಕ್ಕ ಮೊಕದ್ದಮೆಯೊಂದರಲ್ಲಿ ಜಾಮೀನು ಕೊಡುವಾಗ ಈ ಭೇದವನ್ನೇ ಎತ್ತಿಹಿಡಿಯಿತು. ಹಾಗೆಂದು ವಾಚಕರು ಹಿತ್ತಿಲಿಗೆ ಗುದ್ದಲಿ ಹಿಡಿದು ಹೊರಡಬಾರದು. ಪರವಾನಿಗೆಯಿಲ್ಲದೆ ಗಿಡ ಬೆಳೆಯುವುದು ನಮ್ಮಲ್ಲಿ ಅಪರಾಧವೇ. ಎಲೆಯ ವಿಷಯದಲ್ಲಿಯೂ ರಾಜ್ಯಗಳ ಅಬಕಾರಿ ನಿಯಮಗಳು ಬೇರೆ ಬೇರೆ.

ಕೆನಡಾದ ಅಂಗಡಿಯಲ್ಲಿ ಮಾರುವ ಇಂಥ ತಿನಿಸಿನ ಒಂದು ಪೊಟ್ಟಣದಲ್ಲಿ ಅಮಲಿನ ಅಂಶ 10 ಮಿಲಿಗ್ರಾಂ ಮೀರಬಾರದೆಂದು ಕಟ್ಟಳೆಯಿದೆ. ಮಕ್ಕಳು ಸುಲಭವಾಗಿ ಬಿಚ್ಚಲಾಗದಂತೆ ಪೊಟ್ಟಣ ಕಟ್ಟಬೇಕೆಂಬ ನಿಯಮವೂ ಇದೆ. ಮನೆಯ ಬರ್ಫಿಗೆ ಅಳತೆ ಬರೆಯುವವರಾರು? ಮಿಠಾಯಿಯೆಂದೇ ತಿಂದು ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆ ಅಲ್ಲಿ ಹೆಚ್ಚಿತೆಂದು ಅಲ್ಲಿನ ವೈದ್ಯರೇ ದಾಖಲಿಸಿದ್ದಾರೆ.

ವಿದ್ಯಾರ್ಥಿಗೆ ಹೀಗೆ ಉತ್ತರ ಬರೆದೆ: "ನೀನು ಮಾಡಿದ್ದು ಹೊಸತಲ್ಲ, ತುಪ್ಪವೂ ಪಾಕವೂ ನಿನಗಿಂತ ನೂರಾರು ವರ್ಷ ಹಿರಿಯವು. ಮಾಡುವುದೂ ಬಿಡುವುದೂ ನಿನಗೆ ಸೇರಿದ್ದು. ಆದರೆ ಆ ಡಬ್ಬಿಯ ಮೇಲೆ ಅದರ ಹೆಸರು ಬರೆ, ಕೀಲಿ ಹಾಕು, ಕೀಲಿಯನ್ನು ಎತ್ತರದಲ್ಲಿಡು. ನಿನ್ನ ಮನೆಯಲ್ಲಿ ಐದು ವರ್ಷದ ಮಗುವಿದೆ."

ಅವನು ಮರುದಿನವೇ ಬರೆದ. ಡಬ್ಬಿ ಅಡುಗೆಮನೆಯ ಕಪಾಟಿನಲ್ಲಿ, ಪೇಢೆಯ ಡಬ್ಬಿಯ ಪಕ್ಕದಲ್ಲಿಯೇ ಇದ್ದಿತಂತೆ. ಈಗ ತೆಗೆದಿದ್ದಾನಂತೆ.