ಶ್ರೇಯಾಂಕದ ಅಳತೆಗೋಲು: ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯ ಅಂಕಗಣನೆ

ಕರ್ನಾಟಕದ ವೃತ್ತಿಶಿಕ್ಷಣದ ಚರಿತ್ರೆಯಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯು ವಂತಿಗೆ ಹಾವಳಿಗೆ ಉತ್ತರವಾಗಿ ರೂಪುಗೊಂಡ ವ್ಯವಸ್ಥೆ. ವಂತಿಗೆಯನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯವು 1984ರಲ್ಲಿಯೇ ರೂಪಿಸಿತ್ತು. 1992ರ ಮೋಹಿನಿ ಜೈನ್ ಹಾಗೂ 1993ರ ಉನ್ನಿಕೃಷ್ಣನ್ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪುಗಳ ಹಿನ್ನೆಲೆಯಲ್ಲಿ 1994ರಲ್ಲಿ ಸಿಇಟಿ ಘಟಕವು ಸ್ಥಾಪನೆಗೊಂಡಿತು. ಹಣದ ಸ್ಥಾನದಲ್ಲಿ ಅಂಕವನ್ನು ಪ್ರತಿಷ್ಠಾಪಿಸಿದ ಈ ವ್ಯವಸ್ಥೆಯ ವಿಶ್ವಾಸಾರ್ಹತೆಯು ಅಂಕವನ್ನು ಹೇಗೆ ಎಣಿಸಲಾಗುತ್ತದೆ ಎಂಬುದನ್ನೇ ಅವಲಂಬಿಸಿದೆ.

ಪರೀಕ್ಷೆಯ ಪ್ರತಿ ವಿಷಯದಲ್ಲಿ ಒಂದೊಂದು ಅಂಕದ 60 ಪ್ರಶ್ನೆಗಳಿರುತ್ತವೆ; ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ಶ್ರೇಯಾಂಕಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತಗಳಲ್ಲಿ ದ್ವಿತೀಯ ಪಿಯುಸಿಯ ಅಂಕಗಳಿಗೂ ಸಿಇಟಿ ಅಂಕಗಳಿಗೂ ಸಮಪಾಲು ನೀಡಲಾಗುತ್ತದೆ. ಪಿಯುಸಿಯ 300ಕ್ಕೆ 270 ಹಾಗೂ ಸಿಇಟಿಯ 180ಕ್ಕೆ 90 ಪಡೆದವನ ಒಟ್ಟು ಮೌಲ್ಯ 70. ಕ್ರಮವಾಗಿ 240 ಮತ್ತು 108 ಪಡೆದವಳದ್ದೂ 70. ಎರಡು ಭಿನ್ನ ಅಳತೆಗಳು ಹೀಗೆ ಒಂದೇ ಸಂಖ್ಯೆಯಲ್ಲಿ ಲೀನವಾಗುತ್ತವೆ. ಒಂದು ವರ್ಷದ ಪಿಯುಸಿ ಅಂಕವು ಮತ್ತೊಂದು ವರ್ಷದ ಅಂಕಕ್ಕೆ ಸಮಾನವೆಂಬ ಗೃಹೀತವು ಈ ಸಂಕಲನದ ಅಡಿಪಾಯ.

2021ರಲ್ಲಿ ಈ ಗೃಹೀತವು ಕುಸಿಯಿತು. ಕೋವಿಡ್ ಕಾರಣದಿಂದ ಪಿಯುಸಿ ಪರೀಕ್ಷೆ ರದ್ದಾಗಿ, ಎಸ್‌ಎಸ್‌ಎಲ್‌ಸಿ, ಪ್ರಥಮ ಪಿಯುಸಿ ಹಾಗೂ ಆಂತರಿಕ ಮೌಲ್ಯಮಾಪನಗಳ ಆಧಾರದ ಮೇಲೆ ಅಂಕ ನೀಡಲಾಯಿತು. ಆ ಸಾಲಿನಲ್ಲಿ 2,239 ವಿದ್ಯಾರ್ಥಿಗಳು 600ಕ್ಕೆ 600 ಅಂಕ ಪಡೆದರು. ಅಂದಿನ ಶ್ರೇಯಾಂಕವು ಸಿಇಟಿ ಅಂಕಗಳಿಂದಲೇ ನಿರ್ಧಾರವಾದುದರಿಂದ ಸಮಸ್ಯೆ ತಲೆದೋರಲಿಲ್ಲ. ಆದರೆ ಅವರಲ್ಲಿ ಹಲವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ, ಪರೀಕ್ಷೆ ಬರೆದು ಉತ್ತೀರ್ಣರಾದ ಹೊಸಬರೊಡನೆ ಅವರನ್ನು ತೂಗಬೇಕಾಯಿತು. ಪರೀಕ್ಷಾ ಪ್ರಾಧಿಕಾರವು ಪುನರಾವರ್ತಿತ ಅಭ್ಯರ್ಥಿಗಳ ಪಿಯುಸಿ ಅಂಕಗಳನ್ನು ಪರಿಗಣಿಸಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು 2022ರ ಸೆಪ್ಟೆಂಬರ್ 3ರಂದು ಈ ಕ್ರಮವನ್ನು ರದ್ದುಪಡಿಸಿತು. ಸರ್ಕಾರದ ಮೇಲ್ಮನವಿಯ ವಿಚಾರಣೆಯಲ್ಲಿ, 2021ರ ಪಿಯುಸಿ ಅಂಕಗಳಿಂದ ವಿಷಯವೊಂದಕ್ಕೆ ಸರಾಸರಿ 6 ಅಂಕಗಳನ್ನು ಕಳೆದು ಪರಿಗಣಿಸುವ ತಜ್ಞ ಸಮಿತಿಯ ಸೂತ್ರವನ್ನು ವಿಭಾಗೀಯ ಪೀಠವು ಅದೇ ತಿಂಗಳಲ್ಲಿ ಒಪ್ಪಿತು.

ಈ ಕಡಿತದ ಪರಿಣಾಮವನ್ನು ಲೆಕ್ಕಹಾಕಬಹುದು. ಮೂರು ವಿಷಯಗಳ 18 ಅಂಕಗಳೆಂದರೆ ಪಿಯುಸಿಯ ಶೇಕಡಾ 6. ಅರ್ಧಪಾಲಿನಲ್ಲಿ ಅದು ಒಟ್ಟು ಮೌಲ್ಯದ 3 ಅಂಶ. ಇದನ್ನು ತುಂಬಿಕೊಳ್ಳಲು ಸಿಇಟಿಯಲ್ಲಿ ಸುಮಾರು 11 ಸರಿಯುತ್ತರಗಳು ಬೇಕು. ಅಂಕವನ್ನು ಪೂರ್ಣವಾಗಿ ಕೈಬಿಟ್ಟಿದ್ದರೆ ಹಳಬರಿಗೂ, ಯಥಾವತ್ತಾಗಿ ಸೇರಿಸಿದ್ದರೆ ಹೊಸಬರಿಗೂ ಅನ್ಯಾಯವೆನಿಸುತ್ತಿದ್ದ ಸನ್ನಿವೇಶದಲ್ಲಿ ಇದು ಮಧ್ಯಮಮಾರ್ಗವಾಗಿತ್ತು. ಆದರೂ ಸರಾಸರಿಯ ಕಡಿತವು ಔದಾರ್ಯದ ಲಾಭ ಪಡೆದವನನ್ನೂ ಪಡೆಯದವನನ್ನೂ ಒಂದೇ ತೆರನಾಗಿ ಕಾಣುತ್ತದೆ ಎಂಬ ಮಿತಿಯು ಉಳಿದೇ ಇದೆ.

2024ರಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾದಾಗ ಇದೇ ಪ್ರಶ್ನೆ ಮತ್ತೊಂದು ರೂಪದಲ್ಲಿ ಎದುರಾಯಿತು. ಉಳಿದ ಪ್ರಶ್ನೆಗಳ ತೂಕ ಹೆಚ್ಚಿತು. ಕೈಬಿಟ್ಟ ಪ್ರಶ್ನೆಗಳಿಗೆ ವ್ಯಯವಾದ ಸಮಯವನ್ನು ಮಾತ್ರ ಯಾವ ಸೂತ್ರವೂ ಮರಳಿಸಲಾರದು.

ಶ್ರೇಯಾಂಕವು ವಿದ್ಯಾರ್ಥಿಯ ಸಾಮರ್ಥ್ಯದಷ್ಟೇ ಅಳತೆಗೋಲಿನ ಸ್ವರೂಪವನ್ನೂ ಪ್ರತಿಬಿಂಬಿಸುತ್ತದೆ ಎಂಬುದನ್ನು ಈ ಪ್ರಸಂಗಗಳು ತೋರಿಸುತ್ತವೆ. ಸೀಟು ಹಂಚಿಕೆಯನ್ನು ಹಣದ ಹಿಡಿತದಿಂದ ಬಿಡಿಸಿದುದು ಸಿಇಟಿಯ ಚಾರಿತ್ರಿಕ ಸಾಧನೆ. ಅಳತೆಗೋಲು ಬದಲಾಗುವ ಸಂದರ್ಭದಲ್ಲಿ ಅನುಸರಿಸಬೇಕಾದ ನಿಯಮವನ್ನು ಪರೀಕ್ಷೆಗೆ ಮುನ್ನವೇ ಪ್ರಕಟಿಸಿದಲ್ಲಿ ಆ ಸಾಧನೆಯು ಇನ್ನಷ್ಟು ಭದ್ರಗೊಳ್ಳುತ್ತದೆ.