ಅಣ್ವಸ್ತ್ರ ಯುಗದಲ್ಲಿ ಭಾರತ–ಪಾಕಿಸ್ತಾನ ವೈಮಾನಿಕ ಸಂಘರ್ಷ

1998ರ ಮೇ 11 ಮತ್ತು 13ರಂದು ಭಾರತ ಪೋಖರಣ್‌ನಲ್ಲಿ ಅಣ್ವಸ್ತ್ರ ಪರೀಕ್ಷೆ ನಡೆಸಿತು. ಅದೇ ತಿಂಗಳ 28 ಮತ್ತು 30ರಂದು ಪಾಕಿಸ್ತಾನವೂ ಬಲೂಚಿಸ್ತಾನದಲ್ಲಿ ನಡೆಸಿತು. ಆ ಬಳಿಕ 1999, 2019 ಮತ್ತು 2025ರಲ್ಲಿ ಭಾರತೀಯ ವಾಯುಪಡೆ ಪಾಕಿಸ್ತಾನದ ವಿರುದ್ಧ ಕಾರ್ಯಾಚರಣೆಗೆ ಇಳಿದಿದೆ. ಪ್ರತಿ ಬಾರಿಯೂ ಗುರಿಗಳು ಹಿಂದಿಗಿಂತ ಆಳಕ್ಕೆ ಸರಿದವು. ಯಾರ ವಿಮಾನ ಎಷ್ಟು ಬಿದ್ದವು ಎಂಬ ಲೆಕ್ಕ ಮಾತ್ರ ಮೂರು ಸಲವೂ ತಾಳೆಯಾಗಲಿಲ್ಲ.

ಇಂಥ ಲೆಕ್ಕ ಎಷ್ಟು ತಡವಾಗಿ ತಿಳಿಯಾಗುತ್ತದೆ ಎಂಬುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪ್ರಕರಣ ಸಾಕ್ಷಿ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಅವರ ಮಿಸ್ಟೇರ್ ವಿಮಾನ ಹಿಂತಿರುಗಲಿಲ್ಲ. ಭಾರತದ ಕಡತಗಳಲ್ಲಿ ಅವರು ಬರೀ ‘ಕಾಣೆಯಾದವರು’ ಆಗಿ ಉಳಿದರು. 1979ರಲ್ಲಿ ಬಂದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ಪುಸ್ತಕ, ಅಂದು ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ಜತೆಗಿನ ಕಾದಾಟದಲ್ಲಿ ಉರುಳಿದ್ದನ್ನು ಹೊರಗೆಡವಿತು. ವೇಗದಲ್ಲಿ ತನಗಿಂತ ಎಷ್ಟೋ ಮುಂದಿದ್ದ ಆ ವಿಮಾನವನ್ನು ಹೊಡೆದವರು ದೇವಯ್ಯನವರೇ ಎಂದು ಖಚಿತವಾಗಿ, ಮರಣೋತ್ತರ ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಒಬ್ಬ ಯೋಧನಿಗೆ ಸಲ್ಲಬೇಕಾದ ನ್ಯಾಯ ಇಪ್ಪತ್ತಮೂರು ವರ್ಷ ಕಾಯಬೇಕಾಯಿತು. ಅದಕ್ಕೆ ದಾರಿ ತೆರೆದದ್ದು ಎದುರಾಳಿ ಕಡೆಯ ಮಾಹಿತಿ.

ಕಾರ್ಗಿಲ್ ಕಾರ್ಯಾಚರಣೆಯ ವಿವರಗಳು ಬಹುಮಟ್ಟಿಗೆ ಪರಿಚಿತ. 1999ರ ಮೇ 26ರಂದು ವಾಯುದಾಳಿ ಶುರುವಾದಾಗ ನಿಯಂತ್ರಣ ರೇಖೆ ದಾಟಕೂಡದೆಂದು ಸರ್ಕಾರ ಕಟ್ಟಪ್ಪಣೆ ಮಾಡಿತ್ತು. ಮೊದಲ ಮೂರು ದಿನಗಳಲ್ಲೇ ಒಂದು ಮಿಗ್-27, ಒಂದು ಮಿಗ್-21 ಮತ್ತು ಒಂದು ಎಂಐ-17 ಹೆಲಿಕಾಪ್ಟರ್ ಕೈತಪ್ಪಿದವು. ಮಿಗ್-27ರ ಎಂಜಿನ್ ಆರಿಹೋಯಿತೆಂದು ಭಾರತ, ತಾನೇ ಹೊಡೆದೆನೆಂದು ಪಾಕಿಸ್ತಾನ ಹೇಳಿದವು. ಅನಂತರ ಮಿರಾಜ್-2000 ವಿಮಾನಗಳು ಜೂನ್ 17ರಂದು ಮುಂಥೋ ಧಾಲೋದ ಸರಬರಾಜು ಶಿಬಿರವನ್ನೂ, ಜೂನ್ 24ರಂದು ಲೇಸರ್ ಬಾಂಬುಗಳಿಂದ ಟೈಗರ್ ಹಿಲ್ ನೆಲೆಯನ್ನೂ ಹೊಡೆದವು. ಯುದ್ಧ ಮುಗಿದ ಮೇಲೆ, ಆಗಸ್ಟ್ 10ರಂದು ಪಾಕಿಸ್ತಾನ ನೌಕಾಪಡೆಯ ಅಟ್ಲಾಂಟಿಕ್ ವಿಮಾನವನ್ನು ಕಛ್ ಬಳಿ ಮಿಗ್-21 ಹೊಡೆದುರುಳಿಸಿತು. ಅದರಲ್ಲಿದ್ದ 16 ಮಂದಿಯೂ ಸತ್ತರು. ವಿಮಾನ ಯಾವ ಕಡೆಯ ಆಕಾಶದಲ್ಲಿತ್ತು ಎಂಬ ವಿವಾದ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಮುಟ್ಟಿತಾದರೂ, ತನಗೆ ವಿಚಾರಣಾಧಿಕಾರ ಇಲ್ಲವೆಂದು ನ್ಯಾಯಾಲಯ 2000ದಲ್ಲಿ ತೀರ್ಪಿತ್ತು.

ನಿಜವಾದ ತಿರುವು 2019ರದು. ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಸಿಬ್ಬಂದಿ ಹತರಾದರು. ಫೆಬ್ರುವರಿ 26ರ ನಸುಕಿನಲ್ಲಿ ಮಿರಾಜ್‌ಗಳು ಖೈಬರ್ ಪಖ್ತೂನ್‌ಖ್ವಾ ಪ್ರಾಂತ್ಯದ ಬಾಲಾಕೋಟ್ ಬಳಿ ಬಾಂಬು ಹಾಕಿದವು. ಅಣ್ವಸ್ತ್ರ ಹೊಂದಿದ ಒಂದು ದೇಶದ ಒಳನಾಡಿನ ಮೇಲೆ ಅಂಥದೇ ಇನ್ನೊಂದು ದೇಶ ವಿಮಾನದಿಂದ ಹೀಗೆ ದಾಳಿ ಮಾಡಿದ ನಿದರ್ಶನ ಅದಕ್ಕೆ ಮೊದಲು ಇರಲಿಲ್ಲ. ಜೈಶ್-ಎ-ಮೊಹಮ್ಮದ್ ಉಗ್ರ ಸಂಘಟನೆಯ ತರಬೇತಿ ಶಿಬಿರಕ್ಕೆ ಪೆಟ್ಟು ಬಿತ್ತೆಂದು ಭಾರತ ಹೇಳಿತು. ಮರಗಳಷ್ಟೇ ಮುರಿದವೆಂದು ಪಾಕಿಸ್ತಾನ ಹೇಳಿತು. ಖಾಸಗಿ ಉಪಗ್ರಹ ಚಿತ್ರಗಳಲ್ಲಿ ಕಟ್ಟಡಗಳು ನಿಂತೇ ಇದ್ದವು. ಬಾಂಬುಗಳು ಚಾವಣಿ ತೂರಿ ಒಳಗೆ ಸಿಡಿಯುವ ಬಗೆಯವು ಎಂಬುದು ಭಾರತೀಯ ತಜ್ಞರ ಸಮಜಾಯಿಷಿ.

ಮರುದಿನದ ಕಾದಾಟದ ದಾಖಲೆ ಇನ್ನೂ ಗೋಜಲು. ಎರಡು ಭಾರತೀಯ ವಿಮಾನ ಕೆಡವಿ ಇಬ್ಬರು ಪೈಲಟ್‌ಗಳನ್ನು ಸೆರೆ ಹಿಡಿದೆವೆಂದು ಮೊದಲು ಘೋಷಿಸಿದ ಪಾಕಿಸ್ತಾನ, ಸಂಜೆಯ ಹೊತ್ತಿಗೆ ಪೈಲಟ್ ಒಬ್ಬರೇ ಎಂದಿತು. ಅವರು ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್. ಮಾರ್ಚ್ 1ರಂದು ಬಿಡುಗಡೆಯಾದರು. ಅವರ ಮಿಗ್-21 ಬೀಳುವ ಮುನ್ನ ಒಂದು ಎಫ್-16 ಕೆಡವಿತ್ತೆಂಬುದು ಭಾರತದ ನಿಲುವು. ಅವರಿಗೆ ಸಂದ ವೀರಚಕ್ರದ ಪ್ರಶಸ್ತಿಪಾಠದಲ್ಲೂ ಅದಿದೆ. ಭಾರತ ತೋರಿಸಿದ ಆಮ್ರಾಮ್ ಕ್ಷಿಪಣಿಯ ತುಂಡು ಎಫ್-16 ಹಾರಿದ್ದಕ್ಕೆ ಪುರಾವೆ, ಬಿದ್ದದ್ದಕ್ಕಲ್ಲ. ಪಾಕಿಸ್ತಾನದ ಎಫ್-16ಗಳ ಎಣಿಕೆ ಸರಿಯಿದೆಯೆಂದು ಏಪ್ರಿಲ್‌ನಲ್ಲಿ ಅಮೆರಿಕದ ಒಂದು ಪತ್ರಿಕೆ ಹೆಸರಿಸದ ಅಧಿಕಾರಿಗಳನ್ನು ಆಧರಿಸಿ ಬರೆಯಿತು. ಪೆಂಟಗನ್ ಅದನ್ನು ದೃಢಪಡಿಸಲಿಲ್ಲ.

ಆ ದಿನದ ಇನ್ನೊಂದು ನಷ್ಟದ ಬಗ್ಗೆ ತಕರಾರಿಲ್ಲ. ಬಡಗಾಮ್‌ನಲ್ಲಿ ಬಿದ್ದ ಎಂಐ-17 ಹೆಲಿಕಾಪ್ಟರಿಗೆ ತಗುಲಿದ್ದು ನಮ್ಮದೇ ಕ್ಷಿಪಣಿ. ಆರು ವಾಯುಪಡೆ ಸಿಬ್ಬಂದಿ, ಒಬ್ಬ ನಾಗರಿಕ ಸತ್ತರು. ಅಕ್ಟೋಬರ್‌ನಲ್ಲಿ ವಾಯುಪಡೆ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ಇದು ದೊಡ್ಡ ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡರು. ಇಂಥ ನೇರ ಒಪ್ಪಿಗೆ ಈ ಚರಿತ್ರೆಯಲ್ಲಿ ಅಪರೂಪ, ಅದಕ್ಕೇ ಬೆಲೆಯುಳ್ಳದ್ದು.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿಯ ಹತ್ಯೆಯಾಯಿತು. ಅದಕ್ಕೆ ಪ್ರತಿಯಾಗಿ ಮೇ 7ರ ರಾತ್ರಿ 1.05ರಿಂದ 1.30ರ ನಡುವೆ ಭಾರತದ ‘ಆಪರೇಷನ್ ಸಿಂಧೂರ’ ಒಂಬತ್ತು ನೆಲೆಗಳನ್ನು ಹೊಡೆಯಿತು. ಬಹಾವಲ್ಪುರ ಮತ್ತು ಮುರೀದ್‌ಕೆ ಅವುಗಳಲ್ಲಿ ಸೇರಿದ್ದವು. ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದ ಮೇಲೆ ಭಾರತದ ವಾಯುದಾಳಿ 1971ರ ಬಳಿಕ ಅದೇ ಮೊದಲು. ಎರಡೂ ಕಡೆಯ ವಿಮಾನಗಳು ತಮ್ಮ ತಮ್ಮ ಆಕಾಶದಲ್ಲೇ ನಿಂತು, ಕಣ್ಣಿಗೆ ಕಾಣದಷ್ಟು ದೂರದಿಂದ ಕ್ಷಿಪಣಿ ಎಸೆದವು. ಚೀನಾ ನಿರ್ಮಿತ ಪಿಎಲ್-15 ಕ್ಷಿಪಣಿಯ ಅವಶೇಷಗಳು ಭಾರತದ ನೆಲದಲ್ಲಿ ಸಿಕ್ಕವು. ಮುಂದಿನ ದಿನಗಳಲ್ಲಿ ಡ್ರೋನ್‌ಗಳ ಹಿಂಡು ಬಂದಿತು. ಪೂಂಚ್‌ನಲ್ಲಿ ಶೆಲ್ ಬಿದ್ದು ಸಾಮಾನ್ಯ ಜನರು ಪ್ರಾಣ ಕಳೆದುಕೊಂಡರು. ವಿಮಾನಗಳ ಲೆಕ್ಕದ ಜಗಳದಲ್ಲಿ ಈ ಸಾವುಗಳು ಮರೆಯಾಗಬಾರದು.

ಮೇ 10ರಂದು ಭಾರತ ವಾಯುನೆಲೆಗಳನ್ನೇ ಗುರಿ ಮಾಡಿತು: ರಾವಲ್ಪಿಂಡಿಯ ನೂರ್ ಖಾನ್, ಸರ್ಗೋಧಾ, ಭೋಲಾರಿ, ರಹೀಂ ಯಾರ್ ಖಾನ್ ಮೊದಲಾದವು. ಬಾಲಾಕೋಟ್‌ನಂತಲ್ಲದೆ, ಇಲ್ಲಿನ ರನ್‌ವೇ ಕುಳಿಗಳೂ ಹಾನಿಗೊಂಡ ಹ್ಯಾಂಗರ್‌ಗಳೂ ಖಾಸಗಿ ಉಪಗ್ರಹ ಚಿತ್ರಗಳಲ್ಲಿ ಸ್ಪಷ್ಟವಾಗಿವೆ. ನೂರ್ ಖಾನ್ ನೆಲೆ ಪಾಕಿಸ್ತಾನದ ಅಣ್ವಸ್ತ್ರ ಉಸ್ತುವಾರಿ ಕಚೇರಿಗೆ ಹತ್ತಿರ. ಆ ಬೆಳಿಗ್ಗೆ ಅಣ್ವಸ್ತ್ರ ನಿರ್ಧಾರಗಳ ಪ್ರಾಧಿಕಾರದ ಸಭೆ ಕರೆಯಲಾಗಿದೆ ಎಂಬ ಸುದ್ದಿ ಬಂತು; ಸ್ವಲ್ಪ ಹೊತ್ತಿಗೆ ರಕ್ಷಣಾ ಸಚಿವ ಖವಾಜಾ ಆಸಿಫ್ ಅಂಥ ಸಭೆ ಇಲ್ಲವೆಂದರು. ಕಿರಾನಾ ಬೆಟ್ಟಗಳ ಅಣ್ವಸ್ತ್ರ ಕೋಠಿಗೆ ಪೆಟ್ಟು ಬಿತ್ತೆಂಬ ವದಂತಿಯನ್ನು ಭಾರತದ ಏರ್ ಮಾರ್ಷಲ್ ಎ.ಕೆ. ಭಾರ್ತಿ ಅಲ್ಲಗಳೆದರು, ವಿಕಿರಣ ಸೋರಿಕೆ ಇಲ್ಲವೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ತಿಳಿಸಿತು. ಸಂಜೆ 5 ಗಂಟೆಗೆ ಗುಂಡಿನ ಸದ್ದು ನಿಲ್ಲಿಸಲು ಉಭಯ ಸೇನೆಗಳು ಒಪ್ಪಿದವು.

ಪಾಕಿಸ್ತಾನ ಮೊದಲು ಐದು, ಅನಂತರ ಆರು ವಿಮಾನ ಕೆಡವಿದ್ದಾಗಿ ಹೇಳಿಕೊಂಡಿತು. ಮೇ 31ರಂದು ಸಿಂಗಪುರದಲ್ಲಿ ಭಾರತದ ರಕ್ಷಣಾ ಪಡೆಗಳ ಮುಖ್ಯಸ್ಥ ಅನಿಲ್ ಚೌಹಾಣ್ ನಷ್ಟವಾದದ್ದನ್ನು ಒಪ್ಪಿದರೂ ಸಂಖ್ಯೆ ಕೊಡಲಿಲ್ಲ. ಆರು ಎಂಬುದು ಸುಳ್ಳೆಂದರು. ಆಗಸ್ಟ್ 9ರಂದು ಬೆಂಗಳೂರಿನಲ್ಲಿ ಎಲ್.ಎಂ. ಕತ್ರೆ ಸ್ಮಾರಕ ಉಪನ್ಯಾಸ ನೀಡಿದ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್, ಪಾಕಿಸ್ತಾನದ ಐದು ಯುದ್ಧವಿಮಾನ ಮತ್ತು ಒಂದು ದೊಡ್ಡ ವಿಮಾನವನ್ನು ಕೆಡವಲಾಯಿತು, ಕೊನೆಯದನ್ನು ಸುಮಾರು 300 ಕಿ.ಮೀ. ದೂರದಿಂದ ಹೊಡೆಯಲಾಯಿತು ಎಂದರು. ಖವಾಜಾ ಆಸಿಫ್ ಅದನ್ನು ತಳ್ಳಿಹಾಕಿ, ಎರಡೂ ದೇಶಗಳ ವಿಮಾನಗಳನ್ನು ಸ್ವತಂತ್ರವಾಗಿ ಎಣಿಸಲಿ ಎಂದು ಸವಾಲು ಹಾಕಿದರು. ಆದ್ದರಿಂದ 2025ರ ಅಂಕಿಗಳನ್ನು ಸದ್ಯಕ್ಕೆ ಹೇಳಿಕೆಗಳೆಂದೇ ಓದಬೇಕು.

ಅಪಾಯ ತಗ್ಗಿಸುವ ಒಪ್ಪಂದಗಳೂ ಈ ಚರಿತ್ರೆಯ ಭಾಗವೇ. ಪರಮಾಣು ಸ್ಥಾವರಗಳ ಮೇಲೆ ದಾಳಿ ಮಾಡದಿರಲು 1988ರ ಡಿಸೆಂಬರ್ 31ರಂದು ಸಹಿ ಬಿತ್ತು. 1992ರಿಂದ ಪ್ರತಿ ಜನವರಿ 1ಕ್ಕೆ ಸ್ಥಾವರಗಳ ಪಟ್ಟಿ ವಿನಿಮಯವಾಗುತ್ತಿದೆ, ಕಾರ್ಗಿಲ್ ಮತ್ತು ಬಾಲಾಕೋಟ್ ನಂತರವೂ ನಿಂತಿಲ್ಲ. 1991ರ ಒಪ್ಪಂದದ ಪ್ರಕಾರ ಯುದ್ಧವಿಮಾನಗಳು ಪರಸ್ಪರರ ವಾಯುಗಡಿಯಿಂದ 10 ಕಿ.ಮೀ. ದೂರ ಇರಬೇಕು. ಕ್ಷಿಪಣಿ ಪರೀಕ್ಷೆಗೆ ಮುಂಚೆ ತಿಳಿಸುವ 2005ರ ಒಪ್ಪಂದ ಬ್ಯಾಲಿಸ್ಟಿಕ್ ಕ್ಷಿಪಣಿಗಳಿಗಷ್ಟೇ ಸೀಮಿತ. 2022ರ ಮಾರ್ಚ್ 9ರಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಬಳಿ ಬಿದ್ದದ್ದು ಬ್ರಹ್ಮೋಸ್, ಅಂದರೆ ಕ್ರೂಸ್ ಕ್ಷಿಪಣಿ. 2025ರ ಮೇ 10ರಂದು ವಾಯುನೆಲೆಗಳಿಗೆ ಬ್ರಹ್ಮೋಸ್ ಬಡಿಯಿತೆಂದು ಪಾಕಿಸ್ತಾನದ ಪ್ರಧಾನಿ ಶಹಬಾಜ್ ಷರೀಫ್ ಅವರೇ ಹೇಳಿದ್ದಾರೆ. ಕ್ರೂಸ್ ಕ್ಷಿಪಣಿಗಳನ್ನಾಗಲಿ ಡ್ರೋನ್‌ಗಳನ್ನಾಗಲಿ ಒಳಗೊಳ್ಳುವ ಒಪ್ಪಂದ ಎರಡೂ ದೇಶಗಳ ನಡುವೆ ಆಗಿಲ್ಲ.